‘ಅದು ಹೇಗೆ?’ ಅಂತ ಕೇಳಿ ನೋಡಿ

ಓದುಗರ ಪತ್ರ: ಹನುಮಂತನಗರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಹನ್ನೆರಡು ಮಕ್ಕಳು. ಎಲ್ಲರೂ ಕನ್ನಡ ಮೀಡಿಯಂನಲ್ಲಿ ಓದಿ ಈಗ ಪಿಯುಸಿ, ಡಿಗ್ರಿಗೆ ಬಂದವರು. ಕಾರಣ–ಪರಿಣಾಮದ ಪ್ರಬಂಧ ಬರೆಸುವುದರಲ್ಲಿ ಸೋತಿದ್ದೇನೆ. ಜೋಡಿಸುವ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದೆ. ಈಗ ಸಾಲುಸಾಲಿಗೂ ‘ದೇರ್‌ಫೋರ್’ ಇದೆ, ವಿಷಯ ಮಾತ್ರ ಇಲ್ಲ. ಒಬ್ಬನಂತೂ ಮೆಟ್ರೋ ಬಂದದ್ದರಿಂದಲೇ ಟ್ರಾಫಿಕ್ ಜಾಸ್ತಿಯಾಯಿತು ಅಂತ ಬರೆದಿದ್ದಾನೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ಪತ್ರದ ಜೊತೆ ನೀವು ಕಳಿಸಿದ ನಾಲ್ಕು ಪ್ರಬಂಧಗಳನ್ನೂ ಓದಿದೆ. ಮೂರರಲ್ಲಿ ಒಂದೇ ರಾಗ. ಜನಸಂಖ್ಯೆ ಜಾಸ್ತಿಯಾಯಿತು, ಆದ್ದರಿಂದ ಗಾಡಿ ಜಾಸ್ತಿಯಾಯಿತು, ಆದ್ದರಿಂದ ಹೊಗೆ ಜಾಸ್ತಿಯಾಯಿತು, ಆದ್ದರಿಂದ ನಾವೆಲ್ಲ ಸೇರಿ ಪರಿಸರ ಉಳಿಸಬೇಕು. ಹೆಸರು ಅಳಿಸಿ ವಾಪಸ್ ಕೊಟ್ಟರೆ ತಮ್ಮದು ಯಾವುದು ಅಂತ ಆ ಮಕ್ಕಳಿಗೇ ಗೊತ್ತಾಗಲಿಕ್ಕಿಲ್ಲ. ನಾಲ್ಕನೆಯದು ಮೆಟ್ರೋ ಹುಡುಗನದು. ನನಗೆ ಹಿಡಿಸಿದ್ದು ಅದೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಪಟ್ಟಿಯನ್ನು ಒಂದು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿ. ಜೋಡಿಸಲು ಎರಡು ಸಂಗತಿ ಕೈಯಲ್ಲಿದ್ದರೆ ತಾನೇ ಜೋಡಿಸುವ ಪದ ಬೇಕು? ನಿಮ್ಮ ಮಕ್ಕಳ ತೊಂದರೆ ಇಂಗ್ಲಿಷಿನದ್ದಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇರುವ ಕೊಂಡಿಗಳನ್ನು ಅವರು ಹಾರಿಬಿಡುತ್ತಾರೆ. ಅದನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕು: ‘ಅದು ಹೇಗೆ?’ ಕನ್ನಡದಲ್ಲೇ ಕೇಳಿ. ಉತ್ತರವೂ ಕನ್ನಡದಲ್ಲೇ ಬರಲಿ.

ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳಿ. ನೊರೆ ರಸ್ತೆಗೆ ಹಾರಿ ಬಂದದ್ದು, 2017ರ ಫೆಬ್ರವರಿಯಲ್ಲಿ ಕೆರೆಯಿಂದ ದಟ್ಟ ಹೊಗೆ ಎದ್ದದ್ದು ಎಲ್ಲರಿಗೂ ಗೊತ್ತು. ‘ನೊರೆ ಯಾಕೆ ಬರುತ್ತೆ?’ ಅಂತ ಕೇಳಿದರೆ ‘ಪೊಲ್ಯೂಷನ್’ ಅನ್ನುತ್ತಾರೆ. ಅಲ್ಲಿಗೆ ಪ್ರಬಂಧ ಮುಗಿಯಿತು. ನೀವು ಬಿಡಬೇಡಿ. ಅದು ಹೇಗೆ? ಕೊಳಚೆ ನೀರು ಕೆರೆಗೆ ಬರುತ್ತೆ. ಕೊಳಚೆಗೆ ನೊರೆ ಹೇಗೆ ಬಂತು? ಅದರಲ್ಲಿ ನಮ್ಮ ಬಚ್ಚಲಿನ, ವಾಷಿಂಗ್ ಮಷೀನಿನ ಸೋಪಿನ ನೀರು ಇದೆ. ಸರಿ, ಸೋಪಿನ ನೀರು ಬಕೆಟ್ಟಿನಲ್ಲಿ ಸುಮ್ಮನೆ ನಿಂತಿದ್ದರೆ ನೊರೆ ಏಳುತ್ತಾ? ಇಲ್ಲ, ಕೈಯಾಡಿಸಬೇಕು. ಕೆರೆಯಲ್ಲಿ ಕೈಯಾಡಿಸುವವರು ಯಾರು? ಇಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ ನೋಡಿ. ಆಮೇಲೆ ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ: ಕೋಡಿ! ನೀರು ಕೋಡಿಯಿಂದ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಮಳೆ ಬಂದಾಗ ಹರಿವು ಜಾಸ್ತಿ, ಆಗ ನೊರೆಯೂ ಜಾಸ್ತಿ.

ಈಗ ಇಷ್ಟನ್ನು ಇಂಗ್ಲಿಷಿನಲ್ಲಿ ಐದೇ ಸಣ್ಣ ವಾಕ್ಯಗಳಲ್ಲಿ ಬರೆಯಲು ಹೇಳಿ. ಒಂದೂ ಜೋಡಿಸುವ ಪದ ಬೇಡ. ಹಾಗೇ ಓದಿದರೂ ಅರ್ಥವಾಗುತ್ತದೆ, ಅಲ್ವಾ? ಆಮೇಲೆ ಬೀರು ತೆಗೆದು ಪಟ್ಟಿಯಿಂದ ಎರಡು ಪದ ಮಾತ್ರ ಕೊಡಿ. ಎಲ್ಲಿ ಹಾಕಬೇಕು ಅಂತ ಅವರೇ ಜಗಳವಾಡಲಿ.

ಇನ್ನು ವ್ಯಾಕರಣ. ಕೆಂಪು ಪೆನ್ನಿನಲ್ಲಿ ನೀವು ಗುರುತು ಹಾಕಿದ ತಪ್ಪುಗಳಲ್ಲಿ ಮುಕ್ಕಾಲು ಭಾಗ ಕನ್ನಡದಿಂದಲೇ ಬಂದವು. ಬೈಯುವ ಬದಲು ಅದನ್ನೇ ಪಾಠ ಮಾಡಬಹುದು. ‘ಬಿಕಾಸ್ ಇಟ್ ರೈನ್ಡ್, ಸೋ ಐ ವಾಸ್ ಲೇಟ್’ ಅಂತ ಯಾಕೆ ಬರೆಯುತ್ತಾರೆ? ನಾವು ಮಾತಾಡುವುದೇ ಹಾಗೆ. ‘ಮಳೆ ಬಂತಲ್ಲ, ಅದಕ್ಕೇ ಲೇಟಾಯ್ತು.’ ಆ ಕಡೆ ಒಂದು ಗುರುತು, ಈ ಕಡೆ ಒಂದು ಗುರುತು. ಇಂಗ್ಲಿಷಿಗೆ ಒಂದೇ ಸಾಕು. ‘ಬಿಕಾಸ್ ಇಟ್ ರೈನ್ಡ್’ ಅಂತ ಒಂಟಿ ತುಂಡು ಬರೆದು ಫುಲ್‌ಸ್ಟಾಪ್ ಇಡುವುದೂ ಹಾಗೆಯೇ. ‘ನಾನು ಬರಲಿಲ್ಲ. ಯಾಕಂದ್ರೆ ಮಳೆ ಬಂತು.’ ಕನ್ನಡದಲ್ಲಿ ಈ ಎರಡನೇ ವಾಕ್ಯ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ.

‘ಬಿಕಾಸ್’ ಎಲ್ಲಿ, ‘ಬಿಕಾಸ್ ಆಫ್’ ಎಲ್ಲಿ ಅನ್ನುವ ಗೊಂದಲಕ್ಕೂ ಮೂಲ ಇದೇ. ನಮಗೆ ಎರಡಕ್ಕೂ ‘ಇಂದ’ ಸಾಕು. ಆದರೆ ಆ ‘ಇಂದ’ ಯಾವುದರ ಬೆನ್ನಿಗೆ ಅಂಟಿದೆ ಅಂತ ನೋಡಿದರೆ ದಾರಿ ಸಿಗುತ್ತದೆ. ‘ಮಳೆಯಿಂದ’ ಅಂದರೆ ಅಲ್ಲಿ ಬರೀ ಹೆಸರು, ಆಗ ‘ಬಿಕಾಸ್ ಆಫ್’. ‘ಮಳೆ ಬಂದದ್ದರಿಂದ’ ಅಂದರೆ ಒಳಗೆ ಒಂದು ಕ್ರಿಯೆ ಇದೆ, ಆಗ ಬರೀ ‘ಬಿಕಾಸ್’. ಕನ್ನಡ ಬರುವ ಮಕ್ಕಳಿಗೆ ಇದು ಐದು ನಿಮಿಷದ ಪಾಠ. ‘ಅಫೆಕ್ಟ್’, ‘ಎಫೆಕ್ಟ್’ ಬಗ್ಗೆಯೂ ಕೇಳಿದ್ದೀರಿ. ಮಾಮೂಲಿಯಾಗಿ ಮೊದಲನೆಯದು ಕ್ರಿಯಾಪದ, ಎರಡನೆಯದು ನಾಮಪದ. ಸದ್ಯಕ್ಕೆ ಅಷ್ಟು ಸಾಕು.

ಬೇರೆಯವರ ಮಕ್ಕಳ ಬಗ್ಗೆ ಇಷ್ಟು ಮಾತಾಡುವಾಗ ನಮ್ಮ ಮನೆಯ ಹುಳುಕನ್ನೂ ಹೇಳಬೇಕು. ಪತ್ರಿಕೆಯವರಿಗೆ ‘ಹಿನ್ನೆಲೆಯಲ್ಲಿ’ ಅನ್ನುವ ಒಂದು ಚಟ. ‘ಮಳೆಯ ಹಿನ್ನೆಲೆಯಲ್ಲಿ ಶಾಲೆಗೆ ರಜೆ’, ‘ಹಬ್ಬದ ಹಿನ್ನೆಲೆಯಲ್ಲಿ ಹೂವಿನ ದರ ಏರಿಕೆ’. ಮಳೆ ಕಾರಣವೋ, ಸುಮ್ನೆ ಹಿಂದೆ ನಿಂತಿತ್ತೋ? ಬರೆದವರು ಯೋಚಿಸಿರುವುದಿಲ್ಲ. ಆ ಪದ ಬಂದ ಕಡೆಯೆಲ್ಲ ನಾನು ಗೆರೆ ಎಳೆಯುತ್ತೇನೆ. ಆದರೂ ನಮ್ಮ ಹೋದ ಸಂಚಿಕೆಯಲ್ಲಿ ಎರಡು ಕಡೆ ತಪ್ಪಿಸಿಕೊಂಡಿದೆ. ಒಂದು ನಾನೇ ಬರೆದ ಲೇಖನದಲ್ಲಿ.

ಈಗ ಮೆಟ್ರೋ ಹುಡುಗ. ಅವನು ತಪ್ಪು ಬರೆದಿರಬಹುದು, ಆದರೆ ಸ್ವಂತ ತಪ್ಪು. ಬೇರೆ ಮೂವರು ಪಾಠದ ಪುಸ್ತಕದಿಂದ ಎತ್ತಿದರು. ಇವನು ಕಿಟಕಿಯಿಂದ ಹೊರಗೆ ನೋಡಿ ಬರೆದ. ಹಾಗಾಗಿ ಇಡೀ ಪುಟಕ್ಕೆ ಅಡ್ಡಗೆರೆ ಹಾಕಬೇಡಿ. ನಮ್ಮ ಮೆಟ್ರೋ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಆಮೇಲೆ ಊರಿನಲ್ಲಿ ಕಾರು, ಬೈಕು ಜಾಸ್ತಿಯಾದದ್ದೂ ನಿಜ. ಒಂದಾದ ಮೇಲೆ ಒಂದು ನಡೆದವು. ಅದರಿಂದಲೇ ಇದು ಅಂತ ಹೇಳಲು ಅಷ್ಟು ಸಾಲದು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು; ಕಾಕತಾಳೀಯ ಅನ್ನುವ ಪದ ಹುಟ್ಟಿದ್ದೇ ಅಲ್ಲಿಂದ. ಅದಕ್ಕಿಂತ ಕೋಳಿ ಅಜ್ಜಿಯ ಕಥೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಅಂದುಕೊಂಡಿದ್ದ ಅಜ್ಜಿ, ಸಿಟ್ಟು ಮಾಡಿಕೊಂಡು ಕೋಳಿಯ ಸಮೇತ ಊರು ಬಿಟ್ಟಳು. ಆದರೂ ಬೆಳಗಾಯಿತು. ಪಾಪ, ತನಗೇ ಗೊತ್ತಿಲ್ಲದೆ ಅಜ್ಜಿ ಒಳ್ಳೆಯ ಪರೀಕ್ಷೆ ಮಾಡಿದ್ದಳು. ಕಾರಣ ಅಂದುಕೊಂಡದ್ದನ್ನು ತೆಗೆದು ನೋಡಿ, ಪರಿಣಾಮ ನಿಲ್ಲುತ್ತದಾ ಅಂತ.

ಹುಡುಗನನ್ನೂ ಹಾಗೇ ಕೇಳಿ. ಮೆಟ್ರೋ ಇಲ್ಲದಿದ್ದರೆ ಆ ಜನ ಹೇಗೆ ಓಡಾಡುತ್ತಿದ್ದರು? ಟ್ರಾಫಿಕ್ ಅಂದರೆ ಯಾವ ರಸ್ತೆ? ರೈಲು ಓಡಲು ಶುರುವಾದ ಮೇಲೋ, ಕಂಬ ನಿಲ್ಲಿಸುವಾಗಲೋ? ಅವನು ನೋಡಿದ್ದು ಕಾಮಗಾರಿ ನಡೆಯುವ ರಸ್ತೆಯಾಗಿದ್ದರೆ ಅವನ ಮಾತು ಅರ್ಧ ಸರಿ. ಬ್ಯಾರಿಕೇಡ್ ಹಾಕಿದಾಗ ರಸ್ತೆ ಕಿರಿದಾಗುತ್ತದೆ, ಗಾಡಿ ನಿಲ್ಲುತ್ತದೆ. ಆಗ ವಾಕ್ಯ ಬದಲಾಗುತ್ತದೆ: ಮೆಟ್ರೋ ಅಲ್ಲ, ಮೆಟ್ರೋ ಕಾಮಗಾರಿ. ಪ್ರಬಂಧದ ಜೀವವೇ ಅಲ್ಲಿದೆ.

ಡಿಗ್ರಿ ಮಕ್ಕಳಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ‘ಪ್ಲೇಗಿನಿಂದ ಮಲ್ಲೇಶ್ವರ ಹುಟ್ಟಿತು’ ಅಂತ ಎಷ್ಟೋ ಕಡೆ ಬರೆಯುತ್ತಾರೆ. ಆದರೆ ಮಲ್ಲೇಶ್ವರದ ಯೋಜನೆ ಪ್ಲೇಗಿಗಿಂತ ಮುಂಚಿನದು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಅತ್ತ ಹೋಗುವಂತೆ ಮಾಡಿದ್ದು ಪ್ಲೇಗ್. ಹುಟ್ಟಿಸುವುದು ಬೇರೆ, ವೇಗ ಕೊಡುವುದು ಬೇರೆ. ಇಂಗ್ಲಿಷಿನಲ್ಲಿ ‘ಕಾಸ್ಡ್’ ಅನ್ನಬೇಕೋ, ‘ಸ್ಪೀಡೆಡ್ ಅಪ್’ ಅನ್ನಬೇಕೋ ಅನ್ನುವುದು ಈ ವ್ಯತ್ಯಾಸ ಕಂಡ ಮೇಲೆ ತಾನಾಗೇ ಗೊತ್ತಾಗುತ್ತದೆ.

ಅಳತೆಯ ಬಗ್ಗೆ ಕೇಳಿದ್ದೀರಿ. 250 ಪದದ ಪ್ರಬಂಧದಲ್ಲಿ ಕಾರಣವೂ ಬೇಕು, ಪರಿಣಾಮವೂ ಬೇಕು, ಪರಿಹಾರವೂ ಬೇಕು ಅಂದರೆ ಯಾವುದೂ ಆಗುವುದಿಲ್ಲ. ಪರೀಕ್ಷೆಯ ಪ್ರಶ್ನೆ ಮೂರನ್ನೂ ಕೇಳದಿದ್ದರೆ ಒಂದನ್ನೇ ಹಿಡಿಯಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಯಾಕೆ ಬತ್ತಿತು ಅಂತ ಬರೆಯಲಿ, ಇಲ್ಲ, ಬತ್ತಿದ ಮೇಲೆ ತಮ್ಮ ಬೀದಿಯಲ್ಲಿ ಏನಾಯಿತು ಅಂತ ಬರೆಯಲಿ. ಎರಡನೆಯದಕ್ಕೆ ಯಾವ ಪುಸ್ತಕವೂ ಬೇಡ. ಟ್ಯಾಂಕರಿಗೆ ಕಾದವರು ಅವರೇ. ಕೊನೆಯಲ್ಲಿ ‘ನಾವೆಲ್ಲ ಕೈಜೋಡಿಸಬೇಕು’ ಅಂತ ಬರೆದವರಿಗೆ ಒಂದು ಮಾರ್ಕ್ಸ್ ಕಡಿಮೆ ಕೊಡಿ. ನಾನಾದರೆ ಎರಡು ಕಡಿಮೆ ಮಾಡುತ್ತಿದ್ದೆ.

ಮೆಟ್ರೋ ಹುಡುಗ ಎರಡನೇ ಸಲ ಬರೆದರೆ ನಮಗೆ ಕಳಿಸಿ. ನೀವು ತಿದ್ದಬೇಡಿ, ಇದ್ದ ಹಾಗೇ ಕಳಿಸಿ. ಯಾವ ರಸ್ತೆ ಅಂತ ನನಗೂ ಗೊತ್ತಾಗಬೇಕು.

– ಸಂಪಾದಕ