ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ನೀಲ್ ಫ್ರಾಂಕ್ಲಿನ್ 1950ರ ವಿಶ್ವಕಪ್ ಬಿಟ್ಟು ಕೊಲಂಬಿಯಾಗೆ ಹೋಗಿದ್ದು ದುಡ್ಡಿನ ಆಸೆಗಾ?

ದುಡ್ಡಿಗೆ ಹೋಗಿದ್ದು ಹೌದು. ಆದರೆ ಆಸೆಬುರುಕ ಅಂತ ಬೈಯುವ ಮುಂಚೆ ಅವನ ಸಂಬಳ ಎಷ್ಟಿತ್ತು ಅಂತ ನೋಡಿ.

ಆಗ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಫುಟ್‌ಬಾಲ್ ಆಟಗಾರನಿಗೂ ವಾರಕ್ಕೆ 12 ಪೌಂಡ್‌ಗಿಂತ ಜಾಸ್ತಿ ಕೊಡುವ ಹಾಗಿರಲಿಲ್ಲ. ಆಟವಿಲ್ಲದ ಬೇಸಿಗೆಯಲ್ಲಿ ಇನ್ನೂ ಕಡಿಮೆ. ಮೈದಾನಗಳು ಮಾತ್ರ ತುಂಬಿ ತುಳುಕುತ್ತಿದ್ದವು. ಸಂಬಳಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಒಪ್ಪಂದ ಮುಗಿದರೂ ಕ್ಲಬ್ ಬಿಟ್ಟುಕೊಡದಿದ್ದರೆ ಬೇರೆ ಕಡೆ ಆಡುವಂತಿಲ್ಲ! ನಾನು ಹಿಂದೆ ಕೆಲಸ ಮಾಡಿದ ಕಂಪನಿಯೊಂದು ರಿಲೀವಿಂಗ್ ಲೆಟರ್ ಕೊಡದೆ ಮೂರು ತಿಂಗಳು ಸತಾಯಿಸಿತ್ತು. ಅಷ್ಟಕ್ಕೇ ನನಗೆ ನಿದ್ದೆ ಇರಲಿಲ್ಲ. ಇವರಿಗೆ ಜೀವನಪೂರ್ತಿ ಅದೇ ಗತಿ.

ಫ್ರಾಂಕ್ಲಿನ್ ಸಾಮಾನ್ಯ ಆಟಗಾರನೇನಲ್ಲ. ಸ್ಟೋಕ್ ಊರಿನ ಹುಡುಗ, ಸ್ಟೋಕ್ ಸಿಟಿ ಕ್ಲಬ್ಬಿನ ಸೆಂಟರ್ ಹಾಫ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಗಳನ್ನು ತಡೆಯುವವನು. ಆ ಜಾಗದಲ್ಲಿ ಆಡುವವನ ಕೆಲಸ ಚೆಂಡನ್ನು ಎತ್ತಿ ದೂರ ಒದೆಯುವುದು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಇವನು ತನ್ನ ಗೋಲಿನ ಮುಂದೆಯೇ ಚೆಂಡನ್ನು ತಣ್ಣಗೆ ಹತೋಟಿಗೆ ತಂದುಕೊಂಡು ಜೊತೆಗಾರನಿಗೆ ಪಾಸ್ ಕೊಡುತ್ತಿದ್ದ. ಈಗ ಕೋಚ್ ಗಾರ್ಡಿಯೋಲಾ ತನ್ನ ಡಿಫೆಂಡರ್‌ಗಳಿಂದ ಕೇಳುವುದು ಇದನ್ನೇ ಅಲ್ವಾ? 1946ರಿಂದ ಇಂಗ್ಲೆಂಡ್ ಪರ ಸತತ 27 ಪಂದ್ಯ ಆಡಿದ. 1948ರಲ್ಲಿ ಟುರಿನ್‌ನಲ್ಲಿ ಇಟಲಿಯನ್ನು 4-0ಯಿಂದ ಹೊಡೆದ ತಂಡದಲ್ಲೂ ಇದ್ದ.

ಅದೇ ಹೊತ್ತಿಗೆ ಕೊಲಂಬಿಯಾದ ಲೀಗ್ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಹಿಡಿತದಿಂದ ಹೊರಗಿತ್ತು. ಹಾಗಾಗಿ ಹಳೇ ಕ್ಲಬ್ಬಿಗೆ ಒಂದು ಕಾಸೂ ಕೊಡದೆ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದರು. ಅರ್ಜೆಂಟೀನಾದ ಹೆಸರಾಂತ ಆಟಗಾರ ಡಿ ಸ್ಟೆಫಾನೊ ರಾಜಧಾನಿ ಬೊಗೊಟಾದ ಮಿಯೊನಾರಿಯೋಸ್ ಕ್ಲಬ್ ಸೇರಿದ್ದೂ ಹೀಗೇ. ಅದೇ ಊರಿನ ಸಾಂಟಾ ಫೆ ಕ್ಲಬ್ ಫ್ರಾಂಕ್ಲಿನ್‌ನನ್ನು ಕರೆಯಿತು. ಕೊಡುತ್ತೇವೆ ಅಂದ ಹಣ ಸ್ಟೋಕ್ ಸಂಬಳದ ಎಷ್ಟೋ ಪಟ್ಟು. 1950ರ ಮೇ ತಿಂಗಳಲ್ಲಿ ಹೊರಟೇಬಿಟ್ಟ. ಹೆಂಡತಿ ಬಸುರಿ, ವಿಶ್ವಕಪ್‌ಗೆ ಬರಲಾಗದು ಅಂತ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಗೆ ಮೊದಲೇ ಹೇಳಿದ್ದ. ಬಸುರಿ ಅನ್ನುವುದು ಸುಳ್ಳಲ್ಲ. ಆದರೆ ಬೊಗೊಟಾ ವಿಷಯ ಬಾಯಿಬಿಡಲಿಲ್ಲವಲ್ಲ, ಅದೊಂದು ನನಗೆ ಸರಿ ಕಾಣುವುದಿಲ್ಲ.

ಅಲ್ಲಿ ಹೊಂದಿಕೊಳ್ಳಲು ಆಗಲಿಲ್ಲ. ಸಮುದ್ರಮಟ್ಟಕ್ಕಿಂತ 2,600 ಮೀಟರ್ ಎತ್ತರದ ಊರು. ದೇಶದಲ್ಲಿ ರಾಜಕೀಯ ಹಿಂಸೆ, ಕರ್ಫ್ಯೂ. ಆರೇ ಪಂದ್ಯ ಆಡಿ ವಾಪಸ್ ಬಂದ. ಬಂದವನಿಗೆ ನಿಷೇಧ ಕಾದಿತ್ತು. ಸ್ಟೋಕ್ ಕೂಡ ಮತ್ತೆ ಆಡಿಸಲಿಲ್ಲ. 1951ರಲ್ಲಿ ಎರಡನೇ ದರ್ಜೆಯ ಹಲ್ ಸಿಟಿಗೆ 22,500 ಪೌಂಡ್‌ಗೆ ಮಾರಿತು. ತಮಾಷೆ ನೋಡಿ, ಆಟಗಾರ ನಾಲ್ಕು ಕಾಸು ಕೇಳಿದರೆ ಅಪರಾಧ, ಅವನನ್ನೇ ಮಾರಿ ಕ್ಲಬ್ ಎಣಿಸಿಕೊಂಡರೆ ವ್ಯಾಪಾರ.

ಇಂಗ್ಲೆಂಡ್ ಪರ ಅವನು ಮತ್ತೆ ಆಡಲೇ ಇಲ್ಲ. ಅವನಿಲ್ಲದ ತಂಡ ಆ ವಿಶ್ವಕಪ್‌ನಲ್ಲಿ ಅಮೆರಿಕದ ಎದುರು 0-1ರಿಂದ ಸೋತಿತು. ಅವನಿದ್ದಿದ್ದರೆ ಗೆಲ್ಲುತ್ತಿತ್ತು ಅಂತ ನಾನು ಹೇಳಲ್ಲ, ಅವತ್ತು ಕೈಕೊಟ್ಟಿದ್ದು ಗೋಲು ಹೊಡೆಯಬೇಕಾದವರು. ಆದರೆ ಅವನ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರನ್ನು ಹಾಕಿ ನೋಡಿ, ಕೊನೆಗೆ 1954ರಲ್ಲಿ ತಂಡದ ನಾಯಕ ಬಿಲ್ಲಿ ರೈಟ್ ಬಂದು ನಿಂತ ಮೇಲಷ್ಟೇ ಆ ತಲೆನೋವು ಮುಗಿದಿದ್ದು.

ಸಂಬಳದ ಮಿತಿ 1961ರಲ್ಲಿ ಹೋಯಿತು. ಆಟಗಾರರನ್ನು ಕಟ್ಟಿಹಾಕುವ ನಿಯಮಕ್ಕೆ 1963ರಲ್ಲಿ ಕೋರ್ಟಿನಲ್ಲಿ ಪೆಟ್ಟು ಬಿತ್ತು. ಆ ಕೇಸು ಹಾಕಿದ್ದ ಜಾರ್ಜ್ ಈಸ್ಟ್‌ಹ್ಯಾಮ್ ಆಮೇಲೆ ಸೇರಿದ ಕ್ಲಬ್ಬುಗಳಲ್ಲಿ ಇದೇ ಸ್ಟೋಕ್ ಸಿಟಿಯೂ ಒಂದು.