ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮೊದಲ ವರ್ಷ ಎಡವಿದ ಆಟಗಾರನ ಮೇಲೆ ಆಸೆ ಬಿಡಬೇಕೇ?

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ ಬಳಿ ಸೇರುವ ನಿಮ್ಮ ಗೆಳೆಯರಲ್ಲಿ ಅರ್ಧ ಜನ ‘ಈ ಹುಡುಗನ ಕಥೆ ಮುಗಿಯಿತು’ ಎನ್ನುತ್ತಾರೆ, ಉಳಿದವರು ‘ಕಾಯೋಣ’ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ಕಾಯುವವರ ಕಡೆ. ಮೊದಲ ವರ್ಷಕ್ಕೇ ತೀರ್ಪು ಕೊಡುವುದು ಅನ್ಯಾಯ.

2013ರ ಡ್ರಾಫ್ಟನ್ನೇ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ನೋಡಿ. ಮೊದಲಿಗರಾಗಿ ಆಯ್ಕೆಯಾದ ಆಂಥೊನಿ ಬೆನೆಟ್ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 4.2 ಅಂಕ ಗಳಿಸಿದರು. 15ನೆಯವರಾದ ಯಾನಿಸ್ ಅಂಟೆಟೊಕುಂಪೊ 6.8. ಅಂಕಗಳನ್ನಷ್ಟೇ ನೋಡಿದರೆ ಇಬ್ಬರೂ ಸಾಧಾರಣವೇ. ಆದರೆ ಬೆನೆಟ್ ನಾಲ್ಕೇ ಋತುಗಳಲ್ಲಿ ಎನ್‌ಬಿಎಯಿಂದ ಹೊರಬಿದ್ದರು. ಯಾನಿಸ್ 2019 ಮತ್ತು 2020ರಲ್ಲಿ ಎಂವಿಪಿ (ಋತುವಿನ ಅತ್ಯುತ್ತಮ ಆಟಗಾರ) ಪ್ರಶಸ್ತಿ ಗೆದ್ದರು, 2021ರಲ್ಲಿ ತಮ್ಮ ತಂಡ ಮಿಲ್ವಾಕಿಗೆ ಚಾಂಪಿಯನ್ ಪಟ್ಟ ತಂದುಕೊಟ್ಟರು. 18ರ ಹರೆಯದಲ್ಲಿ ಆಯ್ಕೆಯಾದ ಅವರನ್ನು ತಂಡ ಮೊದಲ ವರ್ಷವೇ ಪಂದ್ಯಕ್ಕೆ ಸುಮಾರು 25 ನಿಮಿಷ ಆಡಿಸಿತು. ಬೆನೆಟ್‌ಗೆ ಸಿಕ್ಕಿದ್ದು ಅದರ ಅರ್ಧದಷ್ಟು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವ್ಯತ್ಯಾಸ.

ಆದ್ದರಿಂದ ನೀವು ಹೇಳುವ ಹುಡುಗನ ವಯಸ್ಸೆಷ್ಟು, ಕೋಚ್ ಎಷ್ಟು ಹೊತ್ತು ಆಡಿಸುತ್ತಿದ್ದಾರೆ, ರಕ್ಷಣೆಯಲ್ಲಿ ಸರಿಯಾದ ಜಾಗಕ್ಕೆ ತಲುಪುತ್ತಿದ್ದಾನೆಯೇ ಎಂಬುದನ್ನು ನೋಡಿ. ದೂರದಿಂದ ಎಸೆಯುವ, ಮೂರು ಅಂಕ ತರುವ ಎಸೆತಗಳು ತಪ್ಪುತ್ತಿದ್ದರೂ ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಸಿಗುವ ಎಸೆತ) ಚೆನ್ನಾಗಿದ್ದರೆ ಕೈಯಲ್ಲಿ ಗುರಿ ಇದೆ ಎಂದೇ ಅರ್ಥ. ಎನ್‌ಬಿಎಯ ಮೂರಂಕದ ಗೆರೆ ನಡುಭಾಗದಲ್ಲಿ ಬುಟ್ಟಿಯಿಂದ 7.24 ಮೀಟರ್ ದೂರವಿದೆ. ಅದಕ್ಕೆ ಒಗ್ಗಲು ಸಮಯ ಹಿಡಿಯುತ್ತದೆ.