ಅಮ್ಮನ ಕೈಯಿಂದ ಫೋನ್ ಕಸಿದುಕೊಳ್ಳುವ ಮುನ್ನ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಕಡೆಯ ಒಂಟಿಮನೆ, ಸುತ್ತ ಅಡಿಕೆ ತೋಟ. ಎಪ್ಪತ್ತರ ಆಸುಪಾಸಿನ ತಾಯಿ ಅಲ್ಲಿ ಒಬ್ಬರೇ ಇದ್ದಾರೆ. ಯಜಮಾನರು ತೀರಿಹೋಗಿದ್ದಾರೆ, ಮಗ ಬೆಂಗಳೂರಿನಲ್ಲಿ. ಪೊಲೀಸ್ ವೇಷದವನೊಬ್ಬ ವಿಡಿಯೊ ಕರೆ ಮಾಡಿ, 'ನಿಮ್ಮ ಆಧಾರ್ ಮೇಲೆ ಕೇಸಿದೆ, ಕ್ಯಾಮೆರಾ ಬಿಟ್ಟು ಏಳಬೇಡಿ' ಎಂದು ಹೆದರಿಸಿ ಸುಮಾರು 48,000 ರೂಪಾಯಿ ಹಾಕಿಸಿಕೊಂಡಿದ್ದ. ವಾಟ್ಸಾಪ್‌ನಲ್ಲಿ ಬಂದ ಬೆಳ್ಳುಳ್ಳಿ ಕಷಾಯದ ಸಂದೇಶ ನಂಬಿ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. 'ಕೀಪ್ಯಾಡ್ ಫೋನ್ ಕೊಡಿಸಿಬಿಡ್ತೀನಿ' ಎನ್ನುತ್ತಲೇ ಮಗ ತಾಯಿಯನ್ನು ಸಲಹೆಗೆಂದು ನಮ್ಮಲ್ಲಿಗೆ ಕರೆತಂದರು.

ತಾಯಿ ಹೇಳಿದ್ದು ಬೇರೆ. 'ಮಳೆ ಹಿಡಿದ್ರೆ ಮನೆಗೆ ಯಾರೂ ಬರೂದಿಲ್ಲ. ಸಂಜೆ ಭಜನೆ ಗ್ರೂಪಲ್ಲಿ ನಾಲ್ಕು ಜನರ ದನಿ ಕೇಳ್ತದೆ. ಫೋನ್ ಕಿತ್ಕಂಡ್ರೆ ನಾ ಯಾರ ಹತ್ರ ಮಾತಾಡ್ಲಿ?' ಮೊಮ್ಮಗಳ ಮುಖ ಕಾಣುವುದು, ಬಾಲ್ಯದ ಗೆಳತಿ ಸಿಕ್ಕಿದ್ದು, ಎಲ್ಲವೂ ಅದೇ ಫೋನಿನಲ್ಲಿ. ಒಂಟಿತನಕ್ಕೆ ಅದು ನಿಜವಾದ ಮದ್ದು. ಅದನ್ನು ಚಟವೆಂದು ತಳ್ಳಿಹಾಕುವುದು ತಪ್ಪು.

ದುಡ್ಡು ಹೋದ ಸಂಗತಿಯನ್ನು ಅವರು ಐದು ದಿನ ಮುಚ್ಚಿಟ್ಟಿದ್ದರು. ಹಿಂದೊಮ್ಮೆ ತಪ್ಪು ಸಂದೇಶ ಹಂಚಿದ್ದಕ್ಕೆ ಮಗ ರೇಗಿ, ಫೋನ್ ಕಿತ್ತುಕೊಳ್ಳುವ ಮಾತಾಡಿದ್ದರು. ಬೈಗುಳದ ಹೆದರಿಕೆಯೇ ಇಲ್ಲಿ ಹೆಚ್ಚು ಹಾನಿ ಮಾಡಿತು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಸುವ ಸಾಧ್ಯತೆ ಇತ್ತು. ತಡವಾದರೂ ದೂರು ಕೊಡಿಸಿದೆವು. ಬ್ಯಾಂಕಿನ ಹೆಸರು, ಮೊತ್ತ, ಸಮಯ, ವಹಿವಾಟು ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಕರೆ ಮಾಡಬೇಕು.

ತಾಯಿಗೆ ಮೊದಲು ಹೇಳಿದ್ದು: ಹೀಗೆ ವಿಡಿಯೊ ಕರೆಯಲ್ಲೇ ಬಂಧಿಸಿಟ್ಟಿದ್ದೇವೆ ಎನ್ನುವ 'ಡಿಜಿಟಲ್ ಅರೆಸ್ಟ್' ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ದುಡ್ಡು ಕೇಳುವವನು ಪೊಲೀಸನಲ್ಲ. ಕರೆ ಕಟ್ ಮಾಡಿದರೆ ಏನೂ ಆಗದು. ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು, ಹೆದರಿದಾಗ ನೆನಪು ಕೈಕೊಡುತ್ತದೆ. ಹಾಗಾಗಿ ಎದುರಿಗೆ ಕೂರಿಸಿ, ನಾವೇ ಗದರಿಸುವವರಂತೆ ಮಾತಾಡಿ, ಕೆಂಪು ಗುಂಡಿ ಒತ್ತಿ ಮಗನಿಗೆ ಫೋನ್ ಮಾಡುವುದನ್ನು ಮತ್ತೆ ಮತ್ತೆ ಮಾಡಿಸಿದೆವು.

ಆಮೇಲೆ ಫೋನನ್ನು ಅವರ ಕೈಯಲ್ಲೇ ಇಟ್ಟು ಸರಿಪಡಿಸಿದೆವು. ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ 'ಕಾಲ್ಸ್' ತೆರೆದು ಅಪರಿಚಿತರ ಕರೆ ಸದ್ದಾಗದಂತೆ ಮಾಡಿದ್ದಾಯಿತು. ಇದು ವಾಟ್ಸಾಪ್ ಕರೆಗೆ ಮಾತ್ರ, ಸಿಮ್‌ಗೆ ಬರುವ ಮಾಮೂಲಿ ಕರೆಗೆ ತಾಗುವುದಿಲ್ಲ. 'ಗ್ರೂಪ್ಸ್'ನಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿದರೆ ಗೊತ್ತಿಲ್ಲದವರು ಷೇರು ಮಾರುಕಟ್ಟೆ ಹೆಸರಿನ ಮೋಸದ ಗುಂಪಿಗೆ ಎಳೆದುಕೊಳ್ಳಲಾಗದು. ವಾಟ್ಸಾಪ್ ಖಾತೆ ಬೇರೆಯವರ ಕೈಗೆ ಹೋಗದಂತೆ ಟು-ಸ್ಟೆಪ್ ವೆರಿಫಿಕೇಶನ್‌ಗೆ ಆರಂಕಿಯ ಪಿನ್ ಇಟ್ಟೆವು, ಜನ್ಮದಿನಾಂಕ ಬೇಡ. ಮದುವೆ ಕರೆಯೋಲೆಯೆಂದು ಬರುವ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ಅದು ಕರೆಯೋಲೆಯಲ್ಲ, ಫೋನಿಗೆ ನುಗ್ಗುವ ಆ್ಯಪ್. ತೆರೆಯದೆ ಅಳಿಸಬೇಕು.

ಹಣದ ವಿಷಯದಲ್ಲಿ ಒಂದೇ ಬದಲಾವಣೆ. ಅಡಿಕೆ ದುಡ್ಡು, ಪಿಂಚಣಿ ಬರುವ ಖಾತೆಯಿಂದ ಯುಪಿಐ ಬಿಡಿಸಿ, ಎರಡು-ಮೂರು ಸಾವಿರ ಮಾತ್ರ ಇರುವ ಬೇರೆ ಖಾತೆಗೆ ಜೋಡಿಸಿದ್ದು. ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ ಎಂಬುದನ್ನು ಅವರದೇ ಅಕ್ಷರದಲ್ಲಿ ಬರೆಸಿ ಫೋನಿನ ಕವರಿಗೆ ಅಂಟಿಸಿದೆವು.

ಮಾತ್ರೆಗೆ ತಕ್ಷಣ ವೈದ್ಯರ ಹತ್ತಿರ ಕಳಿಸಿದೆವು. ಬಿಪಿ ಏರಿದರೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣದು, 'ನಂಗೇನೂ ಆಗಿಲ್ಲ' ಎಂಬ ಧೈರ್ಯ ಅಪಾಯಕಾರಿ. ಸಂದೇಶದ ಮೇಲೆ ಜೋಡಿ ಬಾಣವಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಅಂಥ ಆರೋಗ್ಯ ಸಲಹೆಯನ್ನು ಹಂಚುವ ಮೊದಲು ಮಗನಿಗೋ ಆಶಾ ಕಾರ್ಯಕರ್ತೆಗೋ ತೋರಿಸುವುದೆಂದು ಒಪ್ಪಂದವಾಯಿತು. ರಾತ್ರಿ ಒಂಬತ್ತರ ನಂತರ ಫೋನ್ ಜಗಲಿಯಲ್ಲಿ ಚಾರ್ಜಿಗೆ, ರಿಂಗ್ ಮಾತ್ರ ಜೋರಾಗಿ. ಹಾಸಿಗೆಯಲ್ಲಿ ರೀಲ್ಸ್ ನೋಡುತ್ತ ನಿದ್ದೆ ಕೆಡುತ್ತಿತ್ತು.

ಮಗನಿಗೆ ಕೊಟ್ಟ ಸಲಹೆ ಕಷ್ಟದ್ದು. ಅಮ್ಮ ಅನುಮಾನದ ಕರೆಯ ಬಗ್ಗೆ ಹೇಳಿದಾಗ ಮೊದಲ ಮಾತು 'ಹೇಳಿದ್ದು ಒಳ್ಳೇದಾಯ್ತಮ್ಮ' ಎಂದಿರಬೇಕು. ಪ್ರಶ್ನೆ, ಬುದ್ಧಿವಾದ ಆಮೇಲೆ. ಮನಸ್ಸು ಕುಗ್ಗಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡನ್ನೂ ತಾಯಿಯ ಫೋನಿನಲ್ಲಿ ಸೇವ್ ಮಾಡಿಸಿದ್ದೇವೆ. ಕರೆಂಟು ಹೋದಾಗ ಫೋನ್ ಸತ್ತು ಕಂಗಾಲಾಗುತ್ತಾರೆಂದು ಮಗ ಪವರ್ ಬ್ಯಾಂಕ್ ತಂದುಕೊಟ್ಟಿದ್ದಾರೆ. ಕೀಪ್ಯಾಡ್ ಫೋನಿನ ಮಾತು ಈಗಿಲ್ಲ.